ಗೆಳತಿಯರನ್ನು ಎಣಿಸದ ತಪ್ಪಿಗೆ ನಿಂತ ಫ್ರೆಂಚ್ ಪಾಠ

ನಮ್ಮೂರ ಶಾಲೆಯ ತಪಾಸಣೆಗೆ ಬಂದುಹೋದ ಮಾನ್ಯ ಅಧಿಕಾರಿಗಳೇ,

ನೀವು ಶನಿವಾರದ ಫ್ರೆಂಚ್ ಪಾಠ ನಿಲ್ಲಿಸಿ ಹೋದಿರಿ. ಅಂದಿನಿಂದ ನನ್ನ ಮಗಳು ಮಾಲಾ ಶಾಲೆಗೇ ಹೋಗುತ್ತಿಲ್ಲ. ಪಾಠ ನಿಂತದ್ದು ತನ್ನಿಂದಲೇ ಎಂದು ನಂಬಿ ಕೂತಿದ್ದಾಳೆ. ಈ ಪತ್ರವನ್ನು ಪತ್ರಿಕೆಗೆ ಕೊಟ್ಟರೆ ನಿಮಗೆ ಸಿಟ್ಟು ಬಂದು ಅವಳ ಹೆಸರನ್ನೇ ಹೊಡೆದುಹಾಕುತ್ತೀರೋ ಎಂದು ನನಗೆ ಹೆದರಿಕೆ. ಕೊಡದಿದ್ದರೆ ಅವಳು ಕುರಿಹಟ್ಟಿಯಲ್ಲೇ ಉಳಿದುಬಿಡುತ್ತಾಳೋ ಎಂದು ಇನ್ನೂ ದೊಡ್ಡ ಹೆದರಿಕೆ. ನಾನು ಐದನೆಯ ತರಗತಿಯನ್ನೂ ಪೂರಾ ಕಂಡವಳಲ್ಲ. ಕುರಿ ಹೋದ ಕಡೆ ನಮ್ಮ ಬಾಳು, ಶಾಲೆ ಮಾತ್ರ ಹಿಂದೆ ಬರಲಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ. ತಿದ್ದುವುದು ನಿಮ್ಮ ಕೆಲಸವೇ ಅಲ್ಲವೇ?

ಸುಜಾತಾ ಟೀಚರು ಪುದುಚೇರಿಯಲ್ಲಿ ಫ್ರೆಂಚ್ ಕಲಿತು ಬಂದವರು. ಕಾಟಾಚಾರಕ್ಕಲ್ಲ, ಮನಸ್ಸಿಟ್ಟು ಕಲಿಸುತ್ತಿದ್ದರು. ಫ್ರೆಂಚರ ದೇಶದಲ್ಲಿ ಅಂಗಡಿಗೆ ಕಾಲಿಟ್ಟರೆ ಮೊದಲು ‘ಬೊಂಜೂರ್’ ಎಂದು ನಮಸ್ಕಾರ ಹೇಳಬೇಕಂತೆ. ಮಾಲಾ ಕೂಡ್ಲಿಗಿಯ ಕಿರಾಣಿ ಅಂಗಡಿಯಲ್ಲಿ ಹಾಗೆಂದು ಸೇಠನನ್ನು ಕಂಗೆಡಿಸಿದ್ದಳು. ಒಂದು ಸಂಜೆ ಓಡುತ್ತ ಬಂದಳು. “ಅವ್ವಾ, ಅಲ್ಲೂ ಕುರಿ ಕಾಯೋರು ಅದಾರಂತ! ಕುರಿಹಾಲಿಂದ ಚೀಸ್ ಮಾಡಿ ಗವಿಯಾಗ ಇಡ್ತಾರಂತ!” ತನ್ನ ಅಪ್ಪನ ಕಸುಬು ಪುಸ್ತಕದಲ್ಲಿ ಬರುತ್ತದೆ ಎಂದು ಆ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ನಮ್ಮಲ್ಲಿ ಜೀವ ಇದ್ದದ್ದನ್ನು ಬಾಯಿಬಿಟ್ಟು ಎಣಿಸುವುದಿಲ್ಲ, ದೃಷ್ಟಿ ಆಗುತ್ತದೆ. ಕುರಿಗಳನ್ನು ಮುಖ ನೋಡಿಯೇ ಗುರುತಿಸಬೇಕು. ನನ್ನ ಅತ್ತೆ ಮೈಲಮ್ಮನ ಕಣ್ಣಿಗೆ ಪೊರೆ ಬಂದಮೇಲೆ ಅದೂ ಕಷ್ಟವಾಯಿತು. ಹಟ್ಟಿ ಬಾಗಿಲಲ್ಲಿ ನಿಂತು ಮಾಲಾ “ಅಂ, ದೋ, ತ್ರುವಾ” ಎಂದು ಶುರುಮಾಡಿದಾಗ ಅತ್ತೆ ಬಡಿಗೆ ಎತ್ತಿದಳು.

“ಏನ ಅದು, ಕೋಳಿ ಕೆದರಿದಂಗ?”

“ಫ್ರೆಂಚ್, ಅಜ್ಜೀ. ಎಣಿಸಾಕತ್ತೀನಿ.”

ಅತ್ತೆ ಬಡಿಗೆ ಇಳಿಸಿದಳು. ಆಮೇಲೆ ನಕ್ಕಳು. “ಕೆಟ್ಟ ಕಣ್ಣಿಗೆ ಆ ಭಾಷಿ ಎಲ್ಲಿಂದ ಬರಬೇಕು? ಎಣಸು ಯವ್ವಾ, ಎಣಸು!”

ಅಂದಿನಿಂದ ಆ ಭಾಷೆ ನಮ್ಮ ಹಟ್ಟಿಗೆ ಕಾವಲು ನಿಂತಿತು.

ಆಮೇಲೆ ನೀವು ಬಂದಿರಿ. ಮಾಲಾಳನ್ನು ಎಬ್ಬಿಸಿ, ಕೋಣೆಯಲ್ಲಿ ಎಷ್ಟು ಹುಡುಗಿಯರಿದ್ದಾರೆ, ಎಣಿಸು ಎಂದಿರಿ. ಫ್ರೆಂಚಿನಲ್ಲಿ ಶುರುಮಾಡಿದಳು. ಕನ್ನಡದಲ್ಲಿ ಹೇಳು ಎಂದಿರಿ. ಬಾಯಿ ಕಟ್ಟಿತು. “ಒಂದು ಎರಡು ಬಾರದವಳಿಗೆ ಫ್ರೆಂಚಾ? ಕುರಿ ಕಾಯೋಕೆ ಫ್ರೆಂಚ್ ಬೇಕಾ?” ಎಂದಿರಿ. ಎಲ್ಲರೂ ನಕ್ಕರು. ಮಾತೃಭಾಷೆ ಹಾಳಾಗುತ್ತಿದೆ ಎಂದು ಪಾಠ ಬಂದ್ ಮಾಡಿಸಿದಿರಿ. ಎಂಥ ಕನ್ನಡ ಪ್ರೇಮ! ಬೆಂಚು ಎಣಿಸೆಂದಿದ್ದರೆ ಅವಳು ಕನ್ನಡದಲ್ಲೇ ಎಣಿಸುತ್ತಿದ್ದಳಲ್ಲ ಸ್ವಾಮಿ. ಯಾಕೆ ಸುಮ್ಮನಾದೆ ಎಂದು ಒಮ್ಮೆ ಕೇಳುವಷ್ಟು ಪುರಸೊತ್ತೂ ನಿಮಗಿರಲಿಲ್ಲವೇ?

ನಾನು ಕೇಳಿದೆ.

“ಅವರು ನನ್ನ ಗೆಳತೇರು ಅವ್ವಾ. ಹೆಂಗ ಎಣಿಸ್ಲಿ? ಯಾರಿಗರ ಏನರ ಆದ್ರ?”

ನಗುತ್ತಿದ್ದವರಿಗೆ ಕೇಡಾಗಬಾರದೆಂದು ಅವಳು ಬಾಯಿ ಮುಚ್ಚಿ ನಿಂತಿದ್ದಳು.

ಈಗ ಸಂಜೆ ಹಟ್ಟಿ ಬಾಗಿಲಲ್ಲಿ ಅತ್ತೆ “ಎಣಸ ಯವ್ವಾ” ಅನ್ನುತ್ತಾಳೆ. ಮಾಲಾ ಯಾವ ಭಾಷೆಯಲ್ಲೂ ಎಣಿಸುವುದಿಲ್ಲ. ನನ್ನ ಗಂಡ ಯರ್ರೆಪ್ಪ “ಒಲ್ಲೆ ಅಂದ್ರ ಬಿಡು, ನನ್ನ ಜೋಡಿ ಬರ್ಲಿ” ಅನ್ನುತ್ತಾನೆ. ಸುಗ್ಗಿ ಮುಗಿಯುತ್ತಲೇ ಕುರಿಗಳು ಹಂಪಸಾಗರದ ಕಡೆ ಹೊಳೆದಂಡೆಗೆ ಹೊರಡುತ್ತವೆ. ಒಮ್ಮೆ ಅವಳು ಹೋದರೆ ನನ್ನಂತೆಯೇ ಆಗುತ್ತಾಳೆ.

ಅದಕ್ಕೆ ಮುಂಚೆ ಬನ್ನಿ. ಪಾಠ ಮತ್ತೆ ಶುರುಮಾಡಿಸಿ. ಅದಾಗದಿದ್ದರೆ, ಅದೇ ಕೋಣೆಯಲ್ಲಿ, ಅದೇ ಹುಡುಗಿಯರ ಮುಂದೆ, ‘ನಿನ್ನ ತಪ್ಪಲ್ಲಮ್ಮ’ ಎಂದು ಕನ್ನಡದಲ್ಲೇ ಹೇಳಿ ಹೋಗಿ. ಒಂದು ಮರಿ ಹೊರಗುಳಿದರೆ ನನ್ನ ಅತ್ತೆ ಆ ಪೊರೆಗಣ್ಣಲ್ಲೇ ಹುಡುಕಿಕೊಂಡು ಹೋಗುತ್ತಾಳೆ. ನಿಮ್ಮ ಕಣ್ಣು ಚೆನ್ನಾಗಿವೆಯಲ್ಲ?

ಇಂತಿ,
ಬರೆದದ್ದು ಹೆಚ್ಚಾಯಿತೇನೋ ಎಂದು ಈಗಲೂ ಅಂಜುತ್ತಿರುವ,
ಮಾಲಾಳ ಅವ್ವ ಅಂಜಿನಕ್ಕ
ಕೂಡ್ಲಿಗಿ ತಾಲ್ಲೂಕು