ಗುರುವಾರ ನಾಲ್ಕು ಗಂಟೆಯ ಕೂಟ

ಪ್ರೀತಿಯ ತಂಗಿಗೆ,

ಕರ್ತನ ದಯದಿಂದ ಮಗಳು ನರ್ಸಾಗಿರುವ ಮಿಷನ್ ಆಸ್ಪತ್ರೆಗೆ ಸುಖವಾಗಿ ಬಂದು ಸೇರಿದೆ. ಮಂಡಿನೋವು ಇಳಿದಿದೆ. ಇಲ್ಲಿ ಕೆಲಸ ಮಾಡುವವರು ಬೇರೆ ಬೇರೆ ಕ್ರೈಸ್ತ ಸಭೆಯವರು. ಆದರೂ ಗುರುವಾರ ನಾಲ್ಕು ಗಂಟೆಗೆ ಎಲ್ಲರೂ ಔಷಧಿ ಕೋಣೆಯಲ್ಲಿ ಸೇರಿದರು. ಮಗಳು ಮೊಣಕಾಲೂರಿದಳು, ಡ್ರೈವರು ನೆಟ್ಟಗೆ ನಿಂತ, ಡಾಕ್ಟರಮ್ಮ ಕೈಯೆತ್ತಿ ಪ್ರಾರ್ಥಿಸಿದ ಜೋರಿಗೆ ಸೀಸೆಗಳೇ ನಡುಗಿದವು. ಆಮೆನ್ ಮಾತ್ರ ಎಲ್ಲರದೂ ಒಂದೇ!

"ಇದೇ ಹೊತ್ತು ಯಾಕಮ್ಮ?" ಎಂದು ಕೇಳಿದೆ.

"ನಿಮ್ಮೂರ ಹೆಂಗಸರು ನಮಗೋಸ್ಕರ ಪ್ರಾರ್ಥನೆಗೆ ಕೂರೋ ಹೊತ್ತಲ್ವಾ! ಕಷ್ಟದ ಹೆರಿಗೆ ಬಂದ್ರೆ ನಿಮ್ಮ ಮಗಳು ಅದನ್ನೇ ಹೇಳಿ ನಮಗೆಲ್ಲ ಧೈರ್ಯ ತುಂಬ್ತಾಳೆ" ಎಂದರು ಡಾಕ್ಟರಮ್ಮ.

ಹೆಮ್ಮೆಯಿಂದ ಎದೆಯುಬ್ಬಿತು ಕಣೇ. ನಮ್ಮ ಹಳ್ಳಿಯ ಪ್ರಾರ್ಥನೆ ಎಲ್ಲಿಯವರೆಗೆ ಬಂದಿದೆ ನೋಡು! ಮೊದಲು ಯಾರು ಪ್ರಾರ್ಥಿಸಬೇಕೆಂದು ನೀನೂ ದರ್ಜಿಯ ಹೆಂಡತಿಯೂ ಮುನಿಸಿಕೊಂಡು ಕೂಟವೇ ನಿಂತಿದೆಯೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಂಚೆಯವನು ಇದನ್ನು ಓದಿದರೂ ಓದಲಿ. ಕಾರ್ಡು ಮುಟ್ಟಿದ ಕೂಡಲೇ ಅವಳ ಮನೆಗೆ ಹೋಗಿ ನೀನೇ ಮಾತಾಡಿಸು. ಬರುವ ಗುರುವಾರ ನೀವಿಬ್ಬರೂ ಒಂದೇ ಚಾಪೆಯ ಮೇಲೆ ಕೂತಿದ್ದೀರೆಂದು ನಾನಿಲ್ಲಿ ಎಲ್ಲರಿಗೂ ಹೇಳುವವಳಿದ್ದೇನೆ. ನನ್ನನ್ನು ಸುಳ್ಳಿಯನ್ನಾಗಿ ಮಾಡಬೇಡ.

ಜಾಗ ಮುಗಿಯಿತು.

ನಿನ್ನ ಅಕ್ಕ