ಸರ್ವಮಂಗಳಮ್ಮನವರ ಸ್ಟೀಲ್ ಡಬ್ಬಿ

ಕ್ರಿ.ಶ. 2243, ಹದಿಮೂರನೆಯ ತಿಂಗಳ ಏಳನೆಯ ದಿನ
ಚಿತ್ರದುರ್ಗ

ಶ್ರೀಮತಿ ಸರ್ವಮಂಗಳಾ ರುದ್ರಪ್ಪನವರಿಗೆ ಮೇದಿನಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವುದೇ ಇಲ್ಲವಾದ್ದರಿಂದ ನಮ್ಮವರು ಅದಕ್ಕೆ ಒಂದು ತಿಂಗಳನ್ನು ಹೆಚ್ಚಿಗೆ ಕೊಟ್ಟಿದ್ದಾರೆ. ನಿಮ್ಮ ಕಾಲದ ಮಾತಿನಲ್ಲೇ ಬರೆಯಲು ಪ್ರಯತ್ನಿಸಿದ್ದೇನೆ, ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಮನ್ನಿಸಿ.

ನಿಮ್ಮ ಹೆಸರೊಂದನ್ನು ಬಿಟ್ಟು ನಿಮ್ಮ ಬಗ್ಗೆ ನನಗೇನೂ ಗೊತ್ತಿಲ್ಲ. ನಮ್ಮ ಮನೆಯ ಸ್ಟೀಲ್ ಡಬ್ಬಿಯ ಮೇಲೆ ಅದನ್ನು ಚುಕ್ಕೆ ಚುಕ್ಕೆಯಾಗಿ ಕೊರೆದಿದೆ, ಕೆಳಗೆ 9-5-1986 ಎಂದಿದೆ. ನಮ್ಮ ಮನೆತನದಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಹಾಗಾಗಿ ಹಿರಿಯರು ಯಾರೋ ಎರವಲು ತಂದು ವಾಪಸು ಕೊಟ್ಟಿಲ್ಲ ಎಂದೇ ನಂಬಿದ್ದೆವು. ಇನ್ನೊಬ್ಬರ ಪಾತ್ರೆಯನ್ನು ಖಾಲಿ ಕಳಿಸಬಾರದಲ್ಲ, ತುಂಬಿಸಲು ಒಳ್ಳೆಯದೇನಾದರೂ ಸಿಗಲಿ ಎಂದು ಕಾದರಂತೆ. ಕಾಯುತ್ತಿರುವಾಗಲೇ ಬೆಲ್ಲ ಹೋಯಿತು, ಕಡಲೆಬೇಳೆ ಹೋಯಿತು, ಕೊನೆಗೆ ಒಲೆ ಹಚ್ಚುವುದೇ ನಿಂತಿತು. ಈಗ ನಾವು ತಿನ್ನುವುದು ತುತ್ತುಬಿಲ್ಲೆ. ಹೆಬ್ಬೆರಳಿನಷ್ಟಿರುತ್ತದೆ, ನೀರಿನಲ್ಲಿ ಕಲಸಿದರೆ ಅದೇ ಊಟ. ಹೊಟ್ಟೆ ತುಂಬುತ್ತದೆ, ಅಷ್ಟೆ.

ಡಬ್ಬಿಯನ್ನು ಯಾರೂ ಬಳಸಲಿಲ್ಲ, ಒರೆಸಿ ಒರೆಸಿ ಇಟ್ಟರು. ಹಾಸಿಗೆ ಹಿಡಿದಿರುವ ನನ್ನ ಅವ್ವ ಅದನ್ನು ನೋಡುತ್ತಾ, ತನ್ನ ಅಜ್ಜಿಯಿಂದ ಕೇಳಿದ್ದನ್ನೆಲ್ಲ ಹೇಳುತ್ತಾಳೆ. ಕೋಡುಬಳೆ, ಹುರಿಗಾಳು, ಹುಣಸೆ ಗೊಜ್ಜು, ಚಹಾದಲ್ಲಿ ಅದ್ದಿದರೆ ಮುರಿದು ಬೀಳುತ್ತಿದ್ದ ಬಿಸ್ಕತ್ತು, ಪಂಪು ಹೊಡೆಯುವ ಸೀಮೆಎಣ್ಣೆ ಸ್ಟೌವು, ಸೀಟಿ ಹಾಕುವ ಕುಕ್ಕರು. ಹೆಸರೆಲ್ಲ ಬಾಯಿಪಾಠ, ರುಚಿ ಒಂದೂ ಗೊತ್ತಿಲ್ಲ. ನನಗಂತೂ ಕೇಳಿ ಕೇಳಿ ಸಾಕಾಗಿದೆ.

ನಾಳೆ ಡಬ್ಬಿ ಕರಗುಮನೆಗೆ ಹೋಗುತ್ತದೆ. ನೀರಿನ ಕೊಳವೆಗಳಿಗಾಗಿ ಎಲ್ಲರ ಮನೆಯ ಲೋಹವನ್ನೂ ಅಲ್ಲಿ ಕರಗಿಸುತ್ತಾರೆ. ಇನ್ನೊಬ್ಬರ ಸಾಮಾನು ಹೀಗೆ ಕರಗಿಹೋದರೆ ಯಾವ ಮುಖ ಇಟ್ಟುಕೊಂಡು ಸಾಯಲಿ ಎಂಬುದೊಂದೇ ಅವ್ವನ ಚಿಂತೆ. ವಾರದಿಂದ ಸರಿಯಾಗಿ ಉಂಡಿಲ್ಲ. ನಿಮ್ಮ ವಂಶದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಲು ಇವತ್ತು ಹಳೆಯ ಸಾಮಾನುಗಳ ಪ್ರದರ್ಶನ ಮನೆಗೆ ಹೋಗಿದ್ದೆ. ಅಲ್ಲೊಂದು ಕಪಾಟಿನ ತುಂಬ ಒಂದೇ ಮನೆಯ ಪಾತ್ರೆಗಳಿದ್ದವು. ತಾರೀಖು ಎಲ್ಲಕ್ಕೂ ಒಂದೇ, ಹೆಸರು ಮಾತ್ರ ಬೇರೆ ಬೇರೆ. ಇವರು ಇಷ್ಟೊಂದು ಎರವಲು ತಂದಿದ್ದರೇ ಎಂದು ಕೇಳಿದೆ. ನೋಡಿಕೊಳ್ಳುವ ತಿಪ್ಪಣ್ಣನವರು ನಕ್ಕುಬಿಟ್ಟರು. ಮದುವೆಗೆ ಪಾತ್ರೆ ಉಡುಗೊರೆ ಕೊಡುವವರು ತಮ್ಮ ಹೆಸರನ್ನೇ ಕೊರೆಸುತ್ತಿದ್ದರಂತೆ.

ಅಂದರೆ ಡಬ್ಬಿ ನೀವು ಕೊಟ್ಟದ್ದು, ಮೊದಲಿನಿಂದಲೂ ನಮ್ಮದೇ. ಅವ್ವನಿಗೆ ಸಮಾಧಾನವಾಗುತ್ತದೆ ಎಂದು ಓಡಿಬಂದು ಹೇಳಿದೆ. "ನಮ್ದೇ ಆಗಿತ್ತಾ? ಮತ್ತೆ ಒಬ್ರೂ ಒಂದಿನ ಅದ್ರಾಗೆ ಉಣ್ಲಿಲ್ಲಲ್ಲೇ" ಎಂದಳು. ನನಗೆ ಅಳು ಬಂತು. ಆಮೇಲೆ ಅವಳೇ, "ಬಿಲ್ಲೆ ಅದ್ರಾಗೇ ಕಲಸ್ಕೊಂಡು ಬಾ" ಎಂದಳು.

ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಉಂಡಳು. ಅರ್ಧ ಉಳಿಸಿ ಮುಚ್ಚಳ ಹಾಕಿಸಿದಳು. ಕೊಟ್ಟವರ ಹೆಸರು ಹೊತ್ತದ್ದು ಖಾಲಿ ಹೋಗಬಾರದಂತೆ.

ನಿಮ್ಮಲ್ಲಿ ಒಂದೇ ಕೋರಿಕೆ, ಅಮ್ಮಾ. ಇನ್ನು ಯಾರಿಗಾದರೂ ಪಾತ್ರೆ ಕೊಟ್ಟರೆ, ಎತ್ತಿಡಬೇಡಿ, ದಿನಾ ಬಳಸಿ ಎಂದು ಬಾಯಿಬಿಟ್ಟು ಹೇಳಿ. ನಾಳೆ ಕರಗುಮನೆಯವರು ಮುಚ್ಚಳ ತೆಗೆದು ಇದು ಯಾರದು ಎಂದು ಕೇಳುತ್ತಾರೆ. ಸರ್ವಮಂಗಳಮ್ಮನವರ ಪಾಲು ಎನ್ನುತ್ತೇನೆ.

ಇಂತಿ,
ಮೇದಿನಿ