ಜಮಖಾನ ಹಾಸಬೇಡ

ಮುಂಬೈ, 12 ಜೂನ್ 2025

ಕುಕನೂರಿನ ಸುನಿತಕ್ಕನಿಗೆ ಗಾಳೇಶನ ನಮಸ್ಕಾರ.

ಕಬಡ್ಡಿ ಬಿಟ್ಟು ಹಿಡಿದ ಈ ಏಳು ವರ್ಷದ ರಗ್ಬಿಗೆ ಎರಡು ಹಲ್ಲು, ಒಂದು ಭುಜ, ಈಗ ಬಲ ಮೊಣಕಾಲು ಖರ್ಚಾಗಿವೆ. ಡಾಕ್ಟರು ಆಟ ಸಾಕು ಎಂದಿದ್ದಾರೆ. ಕ್ಲಬ್ಬಿಗೆ ಹೇಳಿದರೆ ಸಂಬಳ ನಿಲ್ಲುತ್ತದೆ, ಸಂಬಳ ನಿಂತರೆ ಗಿಣಿಗೇರಾದ ಸಂಬಂಧವೂ ನಿಲ್ಲುತ್ತದೆ. "ಆಟ ಆಡಿ ಪಗಾರ ತರೋ ಅಳಿಯ ಎಲ್ಲಿ ಸಿಗ್ತಾನ್ರಿ" ಅಂತ ದೀಪಿಕಾಳ ಅಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದಾರಂತೆ. ಹಾಗಾಗಿ ಆಡುತ್ತಲೇ ಇದ್ದೇನೆ.

ನಿಶ್ಚಿತಾರ್ಥಕ್ಕೆ ಜಮಖಾನ ಹಾಸಬೇಡ. ಚಕ್ಕಳಮಕ್ಕಳ ಹಾಕಿ ಕೂತರೆ ಮತ್ತೆ ಏಳಲಾರೆ. ಕುರ್ಚಿ ತರಿಸು. ಕೇಳಿದವರಿಗೆ ಮುಂಬೈ ಪದ್ಧತಿ ಎನ್ನು.

ಒಟ್ಟಿನಲ್ಲಿ ಕ್ಲಬ್ಬಿಗೆ ಟ್ರೋಫಿ ಬಂತು, ಅಪ್ಪನಿಗೆ ಹೆಸರು ಬಂತು, ಮಾವನಿಗೆ ಅಳಿಯ ಸಿಕ್ಕ. ದೀಪಿಕಾಳಿಗೆ, ಅವಳಿಗೆ ಗೊತ್ತಿಲ್ಲದ ಹಾಗೆ, ಕುಂಟುವ ಗಂಡ. ನನಗೆ ಶನಿವಾರ ಮತ್ತೊಂದು ಪಂದ್ಯ.

ನಿನ್ನ ತಮ್ಮ,
ಗಾಳೇಶ